ಒಡ್ಡಿನ ಮರ ಮತ್ತು ರಾಜ್ಯಪಕ್ಷಿ

ದಸರೆಯ ಹಿಂದುಮುಂದಿನ ದಿನಗಳಲ್ಲಿ ಆಲಮೇಲದ ಸುತ್ತಲಿನ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆಯ ಗಡಿಬಿಡಿ. ಮಳೆ ಹೊಳವಾಗಿ, ನೆಲದಲ್ಲಿ ಹಸಿ ಇರುವಾಗಲೇ ಬಿಳಿಜೋಳಕ್ಕೆ ಕೂರಿಗೆ ಹೂಡಬೇಕು. ಇದೇ ಹೊತ್ತಿಗೆ ಕರೆಂಟಿನ ತಂತಿಯ ಮೇಲೆ ದಪ್ಪ ತಲೆಯ, ಕಂದು ಎದೆಯ ಹಕ್ಕಿಯೊಂದು ಕುಳಿತಿರುತ್ತದೆ. ಕುಳಿತಾಗ ಕಣ್ಣಿಗೆ ಬೀಳುವಂಥದ್ದೇನಲ್ಲ. ಹಾರಿತೆಂದರೆ ರೆಕ್ಕೆಯ ತಿಳಿನೀಲಿ, ಕಡುನೀಲಿ ಪಟ್ಟೆಗಳು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಕರಿ ನೆಲದ ಮೇಲೆ ಆ ಬಣ್ಣ ಕಂಡವರು ನಿಂತು ನೋಡುತ್ತಾರೆ. ನೀಲಕಂಠ ಎಂದೂ ದಾಸಮಗರೆ ಎಂದೂ ಕರೆಸಿಕೊಳ್ಳುವ ಇದೇ ಕರ್ನಾಟಕದ ರಾಜ್ಯಪಕ್ಷಿ.

ರಾಜ್ಯಕ್ಕೊಂದು ಹಕ್ಕಿ ಎಂದಾಗ ಬೇರೆ ಕಡೆ ಹಾಡುಹಕ್ಕಿಗಳೇ ಮುಂದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1926-27ರಲ್ಲಿ ಶಾಲಾ ಮಕ್ಕಳು ಮತ ಹಾಕಿ ರಾಬಿನ್ ಹಕ್ಕಿಯನ್ನು ಆರಿಸಿದರು; 1949ರಲ್ಲಿ ಅದು ಕಾನೂನಾಯಿತು. ಚಳಿಗೆ ದಕ್ಷಿಣಕ್ಕೆ ಹೋಗಿ ವಸಂತದಲ್ಲಿ ಹಾಡುತ್ತ ಮರಳುವ ವಲಸೆ ಹಕ್ಕಿ ಅದು. ನಮ್ಮ ನೀಲಕಂಠಕ್ಕೆ ಹಾಡು ಬರುವುದಿಲ್ಲ, ಅದರ ಕೂಗು ಕರ್ಕಶ. ಕಡಲು ದಾಟುವ ವಲಸೆಯೂ ಇಲ್ಲ. ಮಳೆಗಾಲ ಮುಗಿದ ಮೇಲೆ ದೇಶದೊಳಗೇ ಜಾಗ ಬದಲಿಸುತ್ತದೆ, ಅಷ್ಟೇ. ಹೀಗಾಗಿ ಎಷ್ಟೋ ಊರುಗಳಲ್ಲಿ ಅದು ಚಳಿಗಾಲದ ಅತಿಥಿ. ಒಡಿಶಾ, ತೆಲಂಗಾಣಗಳಿಗೂ ಇದೇ ರಾಜ್ಯಪಕ್ಷಿ.

ದೂರದಿಂದ ಬರುವ ಹಾಡುಹಕ್ಕಿಯ ಬಳಗ ಈ ಸೀಮೆಗೆ ಹೊಸದಲ್ಲ. ಮಧ್ಯ ಏಷ್ಯಾದ ಕಡೆಯಿಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ತೆನೆ ಹಾಲುಗಾಳಾದಾಗ ಅವು ಹೊಲಕ್ಕೆ ನುಗ್ಗಿದರೆ ರೈತನಿಗೆ ಅಟ್ಟವೇರಿ ಕವಣೆ ಬೀಸುವ ಕೆಲಸ. ಅದೇ ಹಕ್ಕಿ ತಾನು ಮರಿ ಮಾಡುವ ನಾಡಿನಲ್ಲಿ ಮಿಡತೆ ತಿಂದು ಬದುಕುತ್ತದೆ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಗ್ಗಿಸಲೆಂದೇ ಅವಕ್ಕೆ ಗೂಡಿನ ತಾಣ ಕಟ್ಟಿಕೊಟ್ಟಿದ್ದಾರೆ. ನೀಲಕಂಠ ಮಾತ್ರ ನಮ್ಮ ಹೊಲದ ಒಂದು ಕಾಳನ್ನೂ ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ದುಂಬಿ, ಮಿಡತೆ, ಹುಳ, ಓತಿಕ್ಯಾತ.

ಅದು ಬೇಟೆಯಾಡುವುದನ್ನು ನಿಂತು ನೋಡಬೇಕು. ತಂತಿಯ ಮೇಲೆ ಅಲುಗದೆ ಕುಳಿತು ಕೆಳಗಿನ ನೆಲವನ್ನೇ ದಿಟ್ಟಿಸುತ್ತದೆ. ಕುಂಟೆ ಹಾಯ್ದು ಹುಳವೆದ್ದರೆ ಓರೆಯಾಗಿ ಜಾರಿ ಬಂದು ಕೊಕ್ಕಿನಲ್ಲಿ ಹಿಡಿದು ಮತ್ತೆ ಮೇಲೇರುತ್ತದೆ. ದೊಡ್ಡ ಮಿಡತೆಯಾದರೆ ಕುಳಿತ ಜಾಗಕ್ಕೆ ಎತ್ತಿ ಎತ್ತಿ ಬಡಿದು, ಮೇಲಕ್ಕೆ ಚಿಮ್ಮಿಸಿ ಇಡಿಯಾಗಿ ನುಂಗುತ್ತದೆ. ಬೇಸಿಗೆ ಬಂತೆಂದರೆ ಗಂಡು ನೆಟ್ಟಗೆ ಮೇಲೇರಿ, ಅರಚುತ್ತ, ಗಾಳಿಯಲ್ಲಿ ಅತ್ತಿತ್ತ ಹೊರಳುತ್ತ ಕೆಳಗೆ ಬೀಳುವಂತೆ ಇಳಿಯುವ ಆಟ ಬೇರೆ. ನೀಲಿ ರೆಕ್ಕೆಯ ಸೊಬಗೆಲ್ಲ ಆಗ ಒಟ್ಟಿಗೇ ಕಾಣುತ್ತದೆ.

ಈ ಬಣ್ಣವೇ ಒಂದು ಕಾಲಕ್ಕೆ ಅದರ ಜೀವಕ್ಕೆ ಎರವಾಗಿತ್ತು. ಐರೋಪ್ಯ ಹೆಂಗಸರ ಟೋಪಿಗೆ ಗರಿ ಬೇಕೆಂದು ಹಿಂದುಸ್ತಾನದಿಂದ ಕಾಡುಹಕ್ಕಿಗಳ ಗರಿ ಹಡಗಿನಲ್ಲಿ ಹೋಗುತ್ತಿತ್ತು. ಅದರಲ್ಲಿ ನೀಲಕಂಠದ್ದೂ ಇತ್ತು. 1902ರಲ್ಲಿ ಬ್ರಿಟಿಷ್ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಇನ್ನೊಂದು ಕಂಟಕ ಭಕ್ತಿಯದು. ವಿಜಯದಶಮಿಯಂದು ನೀಲಕಂಠ ಕಂಡರೆ ಶುಭ ಎಂಬ ನಂಬಿಕೆ ತೆಲಂಗಾಣದಲ್ಲಿಯೂ ಉತ್ತರ ಭಾರತದಲ್ಲಿಯೂ ಗಟ್ಟಿ. ದರ್ಶನ ಮಾಡಿಸಿ ಕಾಸು ಗಿಟ್ಟಿಸಲು ಹಕ್ಕಿಯನ್ನು ಹಿಡಿದು, ರೆಕ್ಕೆ ಕಟ್ಟಿ, ಪಂಜರದಲ್ಲಿಟ್ಟು ಬೀದಿಗೆ ತರುವವರೂ ಇದ್ದಾರೆ. ನಮ್ಮಲ್ಲಿ ಆ ದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂತೀವಿ. ಬನ್ನಿಗಿಡದ ಆಚೆಯ ತಂತಿಯ ಮೇಲೆ ಹಕ್ಕಿ ತನ್ನಷ್ಟಕ್ಕೆ ಕುಳಿತಿದ್ದರೆ ಅದಕ್ಕಿಂತ ಒಳ್ಳೆಯ ದರ್ಶನ ಇನ್ಯಾವುದು?

ಆದರೆ ಹಕ್ಕಿ ಕಡಿಮೆಯಾಗುತ್ತಿದೆ. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿ ನೀಲಕಂಠವನ್ನು ಶೇ 30ಕ್ಕೂ ಹೆಚ್ಚು ಇಳಿದ ಹಕ್ಕಿಗಳ ಸಾಲಿನಲ್ಲಿಟ್ಟು, ಜಾಗತಿಕ ಕೆಂಪುಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕು ಎಂದಿತು. ಊರೂರಿನಲ್ಲಿ ಸಾಮಾನ್ಯವಾಗಿ ಕಾಣುವ ಹಕ್ಕಿ ಎಂದು ನಂಬಿ ಕೂತವರಿಗೆ ಇದು ಪೆಟ್ಟು.

ಆಲಮೇಲದ ಮಟ್ಟಿಗೆ ಹೇಳುವುದಾದರೆ ನನ್ನ ಚಿಂತೆ ಒಡ್ಡಿನ ಮರಗಳದು. ಭೀಮೆಯ ನೀರು ಬಂದ ಕಡೆ ಜೋಳದ ಜಾಗಕ್ಕೆ ಕಬ್ಬು ಬಂದಿದೆ, ಅದು ರೈತನ ಬದುಕಿನ ಪ್ರಶ್ನೆ, ತಪ್ಪೆನ್ನಲಾರೆ. ತೊಗರಿಗೆ ಕಾಯಿಕೊರಕದ ಕಾಟ, ಎಣ್ಣೆ ಹೊಡೆಯದೆ ವಿಧಿಯಿಲ್ಲ ಎನ್ನುತ್ತಾರೆ. ಹುಳ ಸತ್ತರೆ ಹಕ್ಕಿಯ ಊಟವೂ ಹೋಯಿತು. ಅದಕ್ಕಿಂತ ಬೇಗ ಸರಿಪಡಿಸಬಹುದಾದದ್ದು ಮನೆಯ ಸಮಸ್ಯೆ. ನೀಲಕಂಠಕ್ಕೆ ಮರ ಕೊರೆಯಲು ಬರುವುದಿಲ್ಲ. ಹಳೆಯ ಬೇವು, ಜಾಲಿ, ಈಚಲಗಳಲ್ಲಿ ತಾನಾಗಿ ಕೊಳೆತ ಅಥವಾ ಮರಕುಟಿಗ ಕೊರೆದುಬಿಟ್ಟ ಪೊಟರೆಯಲ್ಲೇ ಮಾರ್ಚ್‌ನಿಂದ ಜೂನ್‌ವರೆಗೆ ಮೊಟ್ಟೆಯಿಡುತ್ತದೆ; ಮೂರರಿಂದ ಐದು ಮೊಟ್ಟೆ. ಹೊಲ ಸ್ವಚ್ಛ ಮಾಡುವಾಗ ಮೊದಲು ಕೊಡಲಿ ಬೀಳುವುದು ಅಂಥ ಒಣಗಿದ, ಟೊಳ್ಳು ಮರಕ್ಕೇ. ಈ ವರ್ಷ ನೆಟ್ಟ ಸಸಿಯಲ್ಲಿ ಪೊಟರೆಯಾಗಲು ದಶಕಗಳೇ ಬೇಕು.

ನೀಲಕಂಠದ ಯುರೋಪಿನ ಸೋದರಸಂಬಂಧಿಗೂ ಇದೇ ಕಷ್ಟ ಬಂದಿತ್ತು. ಹಂಗೇರಿ, ಸ್ಪೇನ್‌ಗಳಲ್ಲಿ ಮರದ ಪೆಟ್ಟಿಗೆ ಮಾಡಿ ಕಂಬಕ್ಕೆ, ಮರಕ್ಕೆ ಕಟ್ಟಿದರು. ಹಕ್ಕಿಗಳು ಅದರಲ್ಲಿ ಮರಿ ಮಾಡಿದವು. ಆಲಮೇಲದ ಒಂದು ಹೈಸ್ಕೂಲಿನ ಮಕ್ಕಳು, ಊರಿನ ಒಬ್ಬ ಬಡಗಿ, ಒಡ್ಡಿನ ಮರ ಕಡಿಯದೆ ಉಳಿಸಿಕೊಂಡ ನಾಲ್ಕು ಮಂದಿ ರೈತರು ಸೇರಿದರೆ ಇಲ್ಲಿಯೂ ಅದನ್ನು ಪ್ರಯೋಗಿಸಿ ನೋಡಬಹುದು. ಪೆಟ್ಟಿಗೆ ಕಟ್ಟುವ ಕೆಲಸ ಫೆಬ್ರುವರಿಯೊಳಗೆ ಮುಗಿಯಬೇಕು.