ಘಟ್ಟ ಹತ್ತಿ ಬಂದ ಮೀನಿನ ಬೆಲೆ

ಭಾನುವಾರದ ಬೆಳಿಗ್ಗೆ. ಬೆಂಗಳೂರಿನ ಬಡಾವಣೆಯೊಂದರ ಮೀನಂಗಡಿ. ಮೀನಂಗಡಿ ಎಂದೊಡನೆ ಹಳೆಯ ಮಾರುಕಟ್ಟೆಯ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಇಲ್ಲಿ ನೆಲದ ಮೇಲೆ ನೀರಿಲ್ಲ, ನೊಣವಿಲ್ಲ, ಕೂಗಾಟವಿಲ್ಲ. ಗಾಜಿನ ಬಾಗಿಲು, ಒಳಗೆ ಹವಾನಿಯಂತ್ರಣ, ಸ್ಟೀಲ್ ಕಟ್ಟೆಯ ಮೇಲೆ ಪುಡಿ ಐಸಿನ ಹಾಸಿಗೆ. ಅದರ ಮೇಲೆ ಸಾಲಾಗಿ ಅಂಜಲ್, ಮಾಂಜಿ, ಕಾಣೆ, ಸಿಗಡಿ, ಏಡಿ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ನಾರ್ವೆಯಿಂದ ವಿಮಾನವೇರಿ ಬಂದ ಕಿತ್ತಳೆ ಬಣ್ಣದ ಸಾಲ್ಮನ್ ತುಂಡುಗಳು. ಬಂಗುಡೆ ಮಾತ್ರ ಯಾರ ಕಣ್ಣಿಗೂ ಬೀಳದಂತೆ ಕೊನೆಯ ಮೂಲೆಯಲ್ಲಿದೆ.

ಉಡುಪಿ ಕಡೆಯ ಗೃಹಿಣಿಯೊಬ್ಬರು ಕಾಲೇಜು ಓದುವ ಮಗನೊಂದಿಗೆ ಒಳಗೆ ಬರುತ್ತಾರೆ. ಮಗ ಹಾಸ್ಟೆಲಿನಿಂದ ರಜೆಗೆ ಬಂದಿದ್ದಾನೆ. ಮಧ್ಯಾಹ್ನದ ಊಟಕ್ಕೆ ಅಂಜಲ್ ಫ್ರೈ ಆಗಲೇಬೇಕೆಂಬುದು ಅವನ ಹಟ. ಬೆಲೆ ಬರೆದ ಚೀಟಿ ನೋಡಿದ ತಾಯಿಯ ಹುಬ್ಬು ಮೇಲೇರುತ್ತದೆ.

‘ಇದು ಯಾವಾಗ ಬಂದದ್ದು ಮಾರಾಯಾ?’

‘ನಿನ್ನೆ ಸಂಜೆ ಮಂಗಳೂರಲ್ಲಿ ಲೋಡ್ ಆದದ್ದು ಅಕ್ಕ. ಬೆಳಗಿನ ಜಾವ ಇಳಿಸಿದ್ದು.’

‘ಊರಲ್ಲಿ ಇಷ್ಟು ದುಡ್ಡು ಉಂಟಾ ಇದಕ್ಕೆ?’

‘ಊರಲ್ಲಿ ಸಮುದ್ರ ಉಂಟಲ್ಲ ಅಕ್ಕ!’

ಅಂಗಡಿಯ ಹುಡುಗ ತಮಾಷೆಗೆ ಹೇಳಿದ ಮಾತಿನಲ್ಲಿ ಅರ್ಥವಿದೆ. ಸಮುದ್ರವಿಲ್ಲದ ಊರಿನಲ್ಲಿ ಮೀನಿಗೆಂದು ಕೊಡುವ ಹಣ ನಿಜವಾಗಿ ಯಾವುದಕ್ಕೆ ಸಲ್ಲುತ್ತದೆ? ಹೆಚ್ಚು ಹಣ ಕೊಟ್ಟರೆ ಹೆಚ್ಚು ತಾಜಾ, ಹೆಚ್ಚು ಪೌಷ್ಟಿಕ ಮೀನು ಸಿಗುತ್ತದೆಯೆ?

ತಂಪಿಗೆ ತೆರುವ ಹಣ

ಮಂಗಳೂರಿನ ದಕ್ಕೆಯಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಸಮುದ್ರ ಮಟ್ಟದಿಂದ ಹೊರಟ ಲಾರಿ ಶಿರಾಡಿ ಘಾಟಿ ಹತ್ತಿ, 900 ಮೀಟರಿಗೂ ಎತ್ತರದಲ್ಲಿರುವ ರಾಜಧಾನಿಯನ್ನು ಸೇರಬೇಕು. ಈ ದಾರಿಯಲ್ಲಿ ಮೀನಿನ ದೊಡ್ಡ ಶತ್ರು ಬಿಸಿ.

ಮೀನಿನ ಮಾಂಸದಲ್ಲಿ ನೀರಿನ ಅಂಶ ಹೆಚ್ಚು, ಸ್ನಾಯುಗಳನ್ನು ಹಿಡಿದಿಡುವ ಅಂಗಾಂಶ ಕಡಿಮೆ. ಹಾಗಾಗಿ ಅದು ಕುರಿ, ಕೋಳಿ ಮಾಂಸಕ್ಕಿಂತ ಬೇಗ ಕೆಡುತ್ತದೆ. ಕಡಲ ಮೀನಿನ ದೇಹದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಇದನ್ನು ಟ್ರೈಮೀಥೈಲಮೀನ್ ಆಗಿ ಬದಲಿಸುತ್ತವೆ. ನಾವು ‘ಮೀನಿನ ವಾಸನೆ’ ಎನ್ನುವುದು ಇದನ್ನೇ! ಎಂದರೆ, ನಿಜವಾದ ತಾಜಾ ಮೀನಿಗೆ ಆ ನಾತವಿಲ್ಲ. ಈ ವಸ್ತು ಕ್ಷಾರ ಗುಣದ್ದು. ಆಮ್ಲ ತಗಲಿದರೆ ಗಾಳಿಗೆ ಏರದ ಲವಣವಾಗಿ ಕುಳಿತುಬಿಡುತ್ತದೆ. ಅಜ್ಜಿ ಮೀನಿಗೆ ಹುಣಸೆಹುಳಿ, ಲಿಂಬೆರಸ ಹಚ್ಚುತ್ತಿದ್ದುದರ ಹಿಂದೆ ಇದ್ದುದು ಶುದ್ಧ ರಸಾಯನಶಾಸ್ತ್ರ.

ಬ್ಯಾಕ್ಟೀರಿಯಾಗಳ ವೇಗಕ್ಕೆ ಕಡಿವಾಣ ಹಾಕುವುದು ಐಸು. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ ಶಾಖ ಬೇಕು. ಅದನ್ನು ಮೀನಿನಿಂದ ಹೀರಿಕೊಳ್ಳುತ್ತಾ ಮೀನನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇರಿಸುತ್ತದೆ. ನಮ್ಮಂಥ ಸೆಕೆಯ ನಾಡಿನಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಎಂಬುದು ರೂಢಿಯ ಲೆಕ್ಕ. ಹಾಗಾದರೆ ಲಾರಿ ಹೊತ್ತು ತರುವ ಭಾರದಲ್ಲಿ ಅರ್ಧ ಬರೀ ನೀರು! ಮೇಲೆ ಅಂಗಡಿಯ ಬಾಡಿಗೆ, ವಿದ್ಯುತ್ತು, ಕೊಯ್ಯುವವರ ಕೂಲಿ, ಮಾರಾಟವಾಗದೆ ಉಳಿದದ್ದರ ನಷ್ಟ.

ಐಸಿನ ಖರ್ಚು ಉಳಿಸಲು ಹೊರಟವರು ಹಿಡಿಯುವ ಅಡ್ಡದಾರಿಯೂ ಇದೆ. 2018ರಲ್ಲಿ ಕೇರಳದ ಅಧಿಕಾರಿಗಳು ಶವ ಕೆಡದಂತೆ ಬಳಸುವ ಫಾರ್ಮಾಲಿನ್ ಬೆರೆಸಿದ ಮೀನನ್ನು ರಾಶಿ ರಾಶಿಯಾಗಿ ವಶಪಡಿಸಿಕೊಂಡಿದ್ದರು. ಇದನ್ನು ಪತ್ತೆ ಮಾಡುವ ಸುಲಭ ಪರೀಕ್ಷಾ ಕಿಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ.

ದುಬಾರಿ ಮೀನಿಗೇ ಏಕೆ ಪ್ರಯಾಣ?

ಇಂಥ ಅಂಗಡಿಗಳಲ್ಲಿ ಅಂಜಲ್, ಮಾಂಜಿಗೆ ಅಗ್ರಪೀಠ. ಬೂತಾಯಿ ಹುಡುಕಿದರೂ ಸಿಗುವುದು ಕಷ್ಟ. ಇದಕ್ಕೊಂದು ಅರ್ಥಶಾಸ್ತ್ರದ ಕಾರಣವಿದೆ. ಲೆಕ್ಕಕ್ಕೆಂದು ಊಹಿಸಿ: ಕರಾವಳಿಯಲ್ಲಿ ಕಿಲೋ ಬೂತಾಯಿಗೆ 100 ರೂಪಾಯಿ, ಅಂಜಲಿಗೆ 500 ರೂಪಾಯಿ. ಯಾವ ಮೀನಾದರೂ ಲಾರಿ, ಐಸಿನ ಖರ್ಚು ಒಂದೇ, ಕಿಲೋಗೆ 100 ಎನ್ನಿ. ಬೆಂಗಳೂರಿಗೆ ಬರುವಾಗ ಬೂತಾಯಿ 200, ಅಂಜಲ್ 600. ಊರಿನಲ್ಲಿ ಅಂಜಲ್ ಬೂತಾಯಿಯ ಐದು ಪಟ್ಟು. ಇಲ್ಲಿ ಮೂರೇ ಪಟ್ಟು. ಬೂತಾಯಿಯ ಬೆಲೆ ಇಮ್ಮಡಿಯಾದರೆ ಅಂಜಲಿನದು ಐದನೇ ಒಂದು ಪಾಲು ಮಾತ್ರ ಏರಿತು. ‘ಇಷ್ಟು ಕೊಡುವವರು ಇನ್ನಷ್ಟು ಕೊಟ್ಟು ಒಳ್ಳೆಯದನ್ನೇ ಒಯ್ಯೋಣ’ ಎಂದು ಗಿರಾಕಿಗೆ ಅನ್ನಿಸುವುದು ಸಹಜ. ಅಮೆರಿಕದ ಆರ್ಮನ್ ಆಲ್ಕಿಯನ್ ಮತ್ತು ವಿಲಿಯಂ ಅಲೆನ್ 1964ರ ತಮ್ಮ ಪಠ್ಯಪುಸ್ತಕದಲ್ಲಿ ವಿವರಿಸಿದ ತತ್ವವಿದು.

ಇನ್ನೊಂದು ಕಾರಣ ಎಣ್ಣೆ. ಬೂತಾಯಿಯಲ್ಲಿ ಎಣ್ಣೆಯ ಅಂಶ ಹೆಚ್ಚು; ಗಾಳಿ ತಾಗಿ ಬೇಗ ಕಮಟುತ್ತದೆ. ದೂರ ಪ್ರಯಾಣಕ್ಕೆ ಅದು ಹೇಳಿಸಿದ ಮೀನಲ್ಲ. ಆದರೆ ವಿಚಿತ್ರ ನೋಡಿ, ಮಕ್ಕಳ ಬೆಳವಣಿಗೆಗೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬಿನಾಮ್ಲ ಇರುವುದು ಆ ಎಣ್ಣೆಯಲ್ಲೇ. ಸಾಲ್ಮನ್ನಿನ ಹೆಸರಿನಲ್ಲಿ ಹೊಗಳಿಸಿಕೊಳ್ಳುವ ಪೋಷಕಾಂಶ ಬಡವರ ಮೀನಾದ ಬೂತಾಯಿ, ಬಂಗುಡೆಗಳಲ್ಲೂ ಧಾರಾಳವಾಗಿದೆ. ಅಂಜಲಿನ ಬೆಲೆ ಅದರ ರುಚಿಗೆ, ಮುಳ್ಳು ಕಡಿಮೆಯಿರುವ ದಪ್ಪ ತುಂಡಿಗೆ ಸಲ್ಲುವುದೇ ಹೊರತು ಪೌಷ್ಟಿಕತೆಗಲ್ಲ.

‘ನಿನ್ನೆಯ ಮೀನು’ ಎಂದರೆ

ಹುಡುಗ ‘ನಿನ್ನೆ ಲೋಡ್ ಆದದ್ದು’ ಎಂದದ್ದು ಸುಳ್ಳಲ್ಲ. ಆದರೆ ಮೀನು ದಡ ಸೇರಿದ ದಿನ ಬೇರೆ, ಬಲೆಗೆ ಬಿದ್ದ ದಿನ ಬೇರೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ವಾರಗಟ್ಟಲೆ ಅಲ್ಲೇ ಇದ್ದು ಬರುತ್ತವೆ. ಮೊದಲ ದಿನ ಹಿಡಿದ ಮೀನು ಬೋಟಿನ ಐಸಿನಲ್ಲೇ ಅಷ್ಟು ದಿನ ಕಳೆದಿರುತ್ತದೆ. ಬಂಗುಡೆಯನ್ನಾದರೋ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ದೋಣಿಗಳು ತರುವುದು ಹೆಚ್ಚು. ಹಾಗಾಗಿ ಮೂಲೆಯ ಬಂಗುಡೆಯೇ ಪಕ್ಕದ ಅಂಜಲಿಗಿಂತ ತಾಜಾ ಇರಲೂಬಹುದು.

ಕ್ಯಾಲೆಂಡರನ್ನೂ ಗಮನಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜುಲೈಯಲ್ಲಿ ‘ಮಂಗಳೂರಿನ ತಾಜಾ ಅಂಜಲ್’ ಎಂದರೆ ಎರಡು ಬಾರಿ ಯೋಚಿಸಿ.

ಕಣ್ಣು, ಕಿವಿರು, ಬೆರಳು

ಅಂಗಡಿಯ ಥಳಕು ನೋಡುವ ಬದಲು ಮೀನನ್ನೇ ನೋಡುವುದು ಕ್ಷೇಮ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಮಸುಕಾಗಿರಬಾರದು. ಕಿವಿರು ಕೆಂಪಗಿರಬೇಕು. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ತುಂಡು ಮಾಡಿಟ್ಟ ಮೀನಿನಲ್ಲಿ ಈ ಪರೀಕ್ಷೆಗಳಿಗೆ ಹೆಚ್ಚು ಅವಕಾಶವಿಲ್ಲ. ಇಡೀ ಮೀನನ್ನು ಕಣ್ಣೆದುರೇ ಕೊಯ್ಯಿಸುವುದು ಉತ್ತಮ. ಸಿಗಡಿ ಕೊಳ್ಳುವಾಗ ತಲೆ, ಸಿಪ್ಪೆ ತೆಗೆದರೆ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬ ಲೆಕ್ಕ ತಲೆಯಲ್ಲಿರಲಿ.

ಬಂಗುಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ತಂಪು ತಪ್ಪಿದರೆ ಅದರಲ್ಲಿ ಹಿಸ್ಟಮೀನ್ ಎಂಬ ವಸ್ತು ಬೆಳೆಯುತ್ತದೆ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರಬಹುದು. ಎಷ್ಟು ಕುದಿಸಿದರೂ ಅದು ನಾಶವಾಗದು. ಆದ್ದರಿಂದ ಕೊಂಡ ಮೀನನ್ನು ಐಸಿನೊಡನೆ ನೇರ ಮನೆಗೆ ಒಯ್ಯಬೇಕು.

ಉಡುಪಿಯ ಆ ತಾಯಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಲೆಯ ಬಂಗುಡೆಯ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ, ‘ಇದು ಒಂದು ಕಿಲೋ ಹಾಕು’ ಎನ್ನುತ್ತಾರೆ. ಮಗನ ಮುಖ ಬಾಡುತ್ತದೆ. ಅದನ್ನು ನೋಡಿದ ತಾಯಿ ಮತ್ತೆ ಪರ್ಸ್ ತೆರೆಯುತ್ತಾರೆ.

‘ಅಂಜಲ್ ಎರಡು ತುಂಡು ಕೊಡು. ಅವನಿಗೆ ಮಾತ್ರ.’