ಅಂಗ ಊನವಾದರೆ ಕೆಲಸ ಬಿಡಬೇಕೆ?

ಲಕ್ವ ಹೊಡೆದವರನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವ ದಿನ ಮನೆಯವರು ವೈದ್ಯರಿಗೆ ಎರಡು ಪ್ರಶ್ನೆ ಕೇಳುತ್ತಾರೆ. ‘ಕೈಕಾಲು ಮೊದಲಿನಂತೆ ಆಗುತ್ತದೆಯೇ ಡಾಕ್ಟ್ರೇ?’ ಎಂಬುದು ಮೊದಲನೆಯದು. ‘ಇವರ ಕೆಲಸದ ಗತಿ ಏನು?’ ಎಂದು ರೋಗಿಗೆ ಕೇಳಿಸದಂತೆ ಮೆಲ್ಲಗೆ ಕೇಳುವುದು ಎರಡನೆಯದು. ಈ ಎರಡನೆಯ ಪ್ರಶ್ನೆಗೂ ಉತ್ತರವಿದೆ. ಆದರೆ ಎಷ್ಟೋ ಮಂದಿಗೆ ಅದು ತಿಳಿಯುವ ಹೊತ್ತಿಗೆ ರಾಜೀನಾಮೆ ಪತ್ರಕ್ಕೆ ಸಹಿ ಬಿದ್ದಿರುತ್ತದೆ.

ಯಲಹಂಕದ ರೈಲು ಗಾಲಿ ಕಾರ್ಖಾನೆ, ಜಾಲಹಳ್ಳಿಯ ಬಿಇಎಲ್, ಹೆಬ್ಬಾಳ, ಯಶವಂತಪುರಗಳ ಬಸ್ ಡಿಪೋಗಳು, ಪೀಣ್ಯದ ಸಣ್ಣ ವರ್ಕ್‌ಶಾಪುಗಳು, ಮಾನ್ಯತಾ ಟೆಕ್ ಪಾರ್ಕಿನ ಕಚೇರಿಗಳು – ಹೀಗೆ ನಮ್ಮ ಉತ್ತರ ಬೆಂಗಳೂರಿನಲ್ಲಿ ದುಡಿಯುವವರು ಹಲವು ಬಗೆ. ದುಡಿಯುವ ವಯಸ್ಸಿನಲ್ಲಿ ಊನ ಬರುವ ದಾರಿಗಳೂ ಹಲವು. ಪವರ್ ಪ್ರೆಸ್ಸಿಗೆ ಸಿಕ್ಕಿ ಬೆರಳು ಹೋಗಬಹುದು. ವರ್ಷಗಟ್ಟಲೆ ಯಂತ್ರದ ಗದ್ದಲದಲ್ಲಿ ನಿಂತವರ ಕಿವಿ ಮಂದವಾಗಬಹುದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಕಣ್ಣನ್ನೋ, ಕಾಲನ್ನೋ, ಮೂತ್ರಪಿಂಡವನ್ನೋ ಕೆಡಿಸಬಹುದು.

ಅವಸರ ಬೇಡ

ಲಕ್ವದ ನಂತರ ಕೈಕಾಲುಗಳಲ್ಲಿ ಕಾಣುವ ಸುಧಾರಣೆಯಲ್ಲಿ ಹೆಚ್ಚಿನ ಪಾಲು ಮೊದಲ ಮೂರರಿಂದ ಆರು ತಿಂಗಳಲ್ಲಿ ಆಗುತ್ತದೆ. ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರೆ ಗಾಯ ಮಾಗಿ, ಊತ ಇಳಿದ ಮೇಲೆ ಕೃತಕ ಕಾಲು ಜೋಡಿಸಿಕೊಂಡು ನಡೆಯಲು ಕಲಿಯಬಹುದು. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಉಳಿದ ದಿನಗಳಲ್ಲಿ ಕೆಲಸಕ್ಕೆ ಹೋಗುವವರಿದ್ದಾರೆ.

ಆದರೆ ಕೆಲಸ ಬಿಡುವ ತೀರ್ಮಾನ ನಡೆಯುವುದು ಬಹುಮಟ್ಟಿಗೆ ಮೊದಲ ಕೆಲವು ವಾರಗಳಲ್ಲೇ. ರೋಗಿ ಎದೆಗುಂದಿರುತ್ತಾನೆ, ಮನೆಯವರು ಗಾಬರಿಯಲ್ಲಿರುತ್ತಾರೆ, ‘ಬಂದ ಹಣ ತೆಗೆದುಕೊಂಡು ಆರಾಮವಾಗಿರಿ’ ಎಂದು ಹಿತೈಷಿಗಳೂ ಹೇಳುತ್ತಾರೆ. ದೇಹ ಇನ್ನೂ ಎಷ್ಟು ಚೇತರಿಸಿಕೊಳ್ಳುತ್ತದೆಂದು ವೈದ್ಯರಿಗೇ ಗೊತ್ತಾಗದ ಕಾಲ ಅದು. ಆ ಸಮಯದಲ್ಲಿ ರಾಜೀನಾಮೆಗಾಗಲಿ, ಸ್ವಯಂ ನಿವೃತ್ತಿಗಾಗಲಿ ಸಹಿ ಹಾಕಬೇಡಿ. ರಜೆ ಕೇಳಿ, ಬರಹದಲ್ಲಿ ಕೇಳಿ.

ಸರ್ಟಿಫಿಕೇಟಿನಲ್ಲಿ ಏನಿರಬೇಕು?

ಮಾಲೀಕರು ‘ಫಿಟ್’ ಅಥವಾ ‘ಅನ್‌ಫಿಟ್’ ಎಂಬ ಒಂದೇ ಪದ ಕೇಳುತ್ತಾರೆ. ನಿಮ್ಮ ವೈದ್ಯರಿಗೆ ಅಷ್ಟಕ್ಕೇ ನಿಲ್ಲಿಸಬೇಡಿರೆಂದು ಹೇಳಿ. ‘ಭಾರ ಎತ್ತಬಾರದು; ಕುಳಿತು ಮಾಡುವ ಕೆಲಸ ಮಾಡಬಹುದು; ರಾತ್ರಿ ಪಾಳಿ ಬೇಡ; ಮೊದಲ ತಿಂಗಳು ಅರ್ಧ ದಿನ; ಎರಡು ತಿಂಗಳ ಬಳಿಕ ಮತ್ತೆ ಪರೀಕ್ಷೆ’ ಎಂಬ ನಾಲ್ಕು ಸಾಲು ಹತ್ತು ಪಟ್ಟು ಉಪಯುಕ್ತ. ಇದಕ್ಕಾಗಿ ನೀವು ದಿನವಿಡೀ ಏನೇನು ಮಾಡುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ ಎಂಬುದನ್ನು ವೈದ್ಯರಿಗೆ ವಿವರಿಸಬೇಕು. ಹುದ್ದೆಯ ಹೆಸರಷ್ಟೇ ಹೇಳಿದರೆ ಸಾಲದು.

ಅಪಾಯವಿರುವಲ್ಲಿ ರಿಯಾಯಿತಿ ಕೇಳಬಾರದು ಎಂಬುದೂ ನಿಜ. ಫಿಟ್ಸ್ ಬರುವವರು ಬಸ್ ಓಡಿಸಬಾರದು, ಎತ್ತರದಲ್ಲಿ ನಿಂತು ಕೆಲಸ ಮಾಡಬಾರದು. ಹಾಗೆಂದು ಅವರು ಯಾವ ಕೆಲಸಕ್ಕೂ ಬಾರದವರೆಂದಲ್ಲ.

ಕಾನೂನು ಯಾರ ಕಡೆ?

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 20ನೆಯ ಕಲಂ ಸ್ಪಷ್ಟವಾಗಿದೆ. ಸೇವೆಯಲ್ಲಿರುವಾಗ ಊನವಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಅದು ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು. ಸಾರಿಗೆ ನಿಗಮಗಳು, ರೈಲ್ವೆ, ಸರ್ಕಾರಿ ಕಾರ್ಖಾನೆಗಳು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

1995ರ ಹಳೆಯ ಕಾಯ್ದೆಯಲ್ಲೂ ಈ ರಕ್ಷಣೆಯಿತ್ತು. ಕಾಲು ಕಳೆದುಕೊಂಡ ಪೇದೆ ಕುನಾಲ್ ಸಿಂಗ್ ಅವರ ಮೊಕದ್ದಮೆಯಲ್ಲಿ, ಪಿಂಚಣಿ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ, ಬಣ್ಣಗುರುಡಿನ ಕಾರಣಕ್ಕೆ ಮನೆಗೆ ಕಳುಹಿಸಲ್ಪಟ್ಟ ತೆಲಂಗಾಣದ ಬಸ್ ಚಾಲಕರೊಬ್ಬರಿಗೆ ಬೇರೆ ಸೂಕ್ತ ಕೆಲಸ ಕೊಡುವಂತೆ ಅದೇ ನ್ಯಾಯಾಲಯ ಸಾರಿಗೆ ನಿಗಮಕ್ಕೆ ಆದೇಶಿಸಿತು.

ಖಾಸಗಿಯವರಿಗೆ 20ನೆಯ ಕಲಮಿನ ಈ ಕಟ್ಟಳೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಸಮಾನ ಅವಕಾಶದ ನೀತಿಯೊಂದನ್ನು ಅವರೂ ಬರೆದು ಪ್ರಕಟಿಸಬೇಕು. ನಿಮ್ಮ ಕಂಪನಿಯಲ್ಲಿ ಅದನ್ನು ಕೇಳಿ ಓದಿ. ಇಎಸ್‌ಐ ಇರುವ ಕಾರ್ಮಿಕರು ಇನ್ನೊಂದು ವಿಷಯ ತಿಳಿದಿರಲಿ: ಕೆಲಸದ ಅಪಘಾತದಿಂದ ಶಾಶ್ವತ ಊನವಾದರೆ ಸಿಗುವ ಮಾಸಿಕ ಪರಿಹಾರ, ನೀವು ಮತ್ತೆ ಕೆಲಸಕ್ಕೆ ಹೋದರೆ ನಿಲ್ಲುವುದಿಲ್ಲ. ಆ ಭಯದಿಂದ ಮನೆಯಲ್ಲಿ ಕೂರಬೇಕಾಗಿಲ್ಲ.

ಮಾಲೀಕರಿಗೆ ಎರಡು ಮಾತು

ನಿಂತು ಕೆಲಸ ಮಾಡುವವನಿಗೆ ಎತ್ತರದ ಒಂದು ಸ್ಟೂಲು, ಕಿವಿ ಮಂದವಾದವನಿಗೆ ಸೈರನ್ ಜೊತೆ ಮಿನುಗುವ ದೀಪ, ಲಕ್ವ ಹೊಡೆದವರಿಗೆ ನೆಲಮಹಡಿಯಲ್ಲಿ ಜಾಗ, ಡಯಾಲಿಸಿಸ್‌ಗೆ ಹೋಗುವವರಿಗೆ ಪಾಳಿ ಬದಲಾವಣೆ, ಹೆಬ್ಬಾಳದ ಬೆಳಗಿನ ವಾಹನ ಸಂದಣಿ ಕರಗಿದ ಮೇಲೆ ಬರಲು ಅನುಮತಿ – ಇವುಗಳಿಗೆ ತಗಲುವ ಖರ್ಚು ಅಲ್ಪ. ಇಪ್ಪತ್ತು ವರ್ಷ ಲೇತ್ ನಡೆಸಿದವನಿಗೆ ಒಂದು ಕೈ ಸೋತರೂ ಅಳತೆ ನೋಡುವ ಕಣ್ಣು, ಹೊಸಬರಿಗೆ ಕಲಿಸುವ ಅನುಭವ ಹಾಗೆಯೇ ಇರುತ್ತದೆ. ಅವನನ್ನು ತಪಾಸಣೆ ವಿಭಾಗಕ್ಕೋ ತರಬೇತಿಗೋ ಹಾಕಿಕೊಳ್ಳಿ. ರಜೆಯಲ್ಲಿರುವಾಗ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿ. ‘ನಿನ್ನ ಜಾಗ ಇದೆ’ ಎಂಬ ಮಾತು ಸೋತ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆ. ವ್ಯಾಯಾಮವನ್ನೂ ಬಿಡದೆ ಮಾಡಿಸುತ್ತದೆ.

ನೀವು ಮಾಡಬೇಕಾದ್ದು

ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ಕಾಪಾಡಿಕೊಳ್ಳಿ. ಊನ ಶಾಶ್ವತವೆಂದು ವೈದ್ಯರು ಹೇಳಿದ ಮೇಲೆ ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಿ. ಹೊಸ ಕೆಲಸ ಕಲಿಯಬೇಕಾಗಿ ಬಂದರೆ ಲಿಂಗರಾಜಪುರದಲ್ಲಿರುವ, 1959ರಲ್ಲಿ ಎನ್.ಎಸ್. ಹೇಮಾ ಅವರು ಆರಂಭಿಸಿದ ಎಪಿಡಿ ಸಂಸ್ಥೆಯಂಥ ಕಡೆ ವಿಚಾರಿಸಿ. ಮನೆಯವರು ‘ಇನ್ನು ನಿನ್ನ ಕೈಲಿ ಆಗದು’ ಎನ್ನುವುದನ್ನು ಬಿಡಲಿ. ಏನು ಆಗದು ಎಂಬುದರ ಪಟ್ಟಿ ರೋಗಿಗೆ ಚೆನ್ನಾಗಿ ಗೊತ್ತಿರುತ್ತದೆ. ಏನೇನು ಆಗುತ್ತದೆ ಎಂಬ ಪಟ್ಟಿಯನ್ನು ಅವರ ಜೊತೆ ಕುಳಿತು ಬರೆಯಿರಿ. ಕೆಲಸಕ್ಕೆ ಮರಳುವ ಅರ್ಜಿಯೊಂದಿಗೆ ಅದನ್ನೂ ಲಗತ್ತಿಸಿ.