ಶಾಲೆಯ ದಾರಿಗೂ ಹಣ ಮೀಸಲಿರಲಿ

ಮಳೆಗಾಲದ ಬೆಳಿಗ್ಗೆ ಎಂಟೂವರೆ ಗಂಟೆಗೆ ನಮ್ಮ ಯಾವುದೇ ಪೇಟೆ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ಒಂದು ಬದಿಯಲ್ಲಿ ಬಸ್ಸು, ಇನ್ನೊಂದು ಬದಿಯಲ್ಲಿ ಮಕ್ಕಳನ್ನು ಇಳಿಸುವ ಕಾರು, ರಿಕ್ಷಾಗಳ ಸಾಲು. ಇವುಗಳ ನಡುವೆ ಕೊಡೆ ಹಿಡಿದು ನಡೆದು ಬರುವ ಮಗು. ಫುಟ್‌ಪಾತ್ ಇದ್ದಲ್ಲಿ ಚರಂಡಿಯ ಚಪ್ಪಡಿ ಎದ್ದಿರುತ್ತದೆ. ಇಲ್ಲದಲ್ಲಿ ಮಗು ರಸ್ತೆಗೇ ಇಳಿಯಬೇಕು. ಶಾಲೆಯ ಆವರಣಕ್ಕೆ ನಾವು ಗೋಡೆ ಕಟ್ಟಿದ್ದೇವೆ, ಕಾವಲುಗಾರನನ್ನು ಇಟ್ಟಿದ್ದೇವೆ. ಆದರೆ ಗೇಟಿನ ಹೊರಗಿನ ಒಂದು ಕಿಲೋಮೀಟರ್ ದಾರಿ ಯಾರ ಜವಾಬ್ದಾರಿ? ಅದಕ್ಕೆ ಹಣ ಎಲ್ಲಿಂದ ಬರಬೇಕು?

ಈ ಪ್ರಶ್ನೆಯನ್ನು ಬೇರೆ ದೇಶಗಳೂ ಎದುರಿಸಿವೆ. ಅವುಗಳಲ್ಲಿ ಅಮೆರಿಕದ ಅನುಭವವನ್ನು ಇಲ್ಲಿ ವಿವರಿಸುತ್ತೇವೆ. ಶಾಲೆಯ ದಾರಿಗೆ ಹಣ ಮೀಸಲಿಟ್ಟಾಗ ಏನಾಯಿತು, ಆ ಮೀಸಲು ತಪ್ಪಿದಾಗ ಏನಾಯಿತು ಎಂಬ ಎರಡೂ ಪಾಠ ಅಲ್ಲಿ ಸಿಗುತ್ತವೆ.

ಸಾವಿರಕ್ಕೆ ಎರಡು ಡಾಲರ್

1969ರಲ್ಲಿ ಅಮೆರಿಕದ 5ರಿಂದ 14 ವರ್ಷದ ಮಕ್ಕಳಲ್ಲಿ ಸುಮಾರು ಶೇ. 48 ಮಂದಿ ನಡೆದು ಅಥವಾ ಸೈಕಲಿನಲ್ಲಿ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಈ ಪ್ರಮಾಣ ಶೇ. 13ಕ್ಕೆ ಇಳಿದಿತ್ತು. ಶಾಲೆಗಳು ಮನೆಯಿಂದ ದೂರವಾದದ್ದು ಒಂದು ಕಾರಣ, ವಾಹನಗಳ ಭಯ ಇನ್ನೊಂದು. ಭಯಪಟ್ಟ ತಂದೆತಾಯಿ ಮಗುವನ್ನು ಕಾರಿನಲ್ಲಿ ಕಳುಹಿಸುತ್ತಾರೆ. ಅದರಿಂದ ಗೇಟಿನ ಮುಂದೆ ಇನ್ನೊಂದು ಕಾರು ಹೆಚ್ಚುತ್ತದೆ. ನಡೆದು ಬರುವ ಬಡವರ ಮಗುವಿಗೆ ಅಪಾಯವೂ ಹೆಚ್ಚುತ್ತದೆ.

ಡೆನ್ಮಾರ್ಕಿನ ಓಡೆನ್ಸೆ ನಗರ 1970ರ ದಶಕದಲ್ಲೇ ಶಾಲಾ ದಾರಿಗಳ ಸುಧಾರಣೆಗೆ ಕೈಹಾಕಿತ್ತು. ಅಮೆರಿಕದಲ್ಲಿ 1997ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೆಲಸ ಆರಂಭವಾಯಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಗೂ ಮ್ಯಾಸಚೂಸೆಟ್ಸ್‌ನ ಆರ್ಲಿಂಗ್ಟನ್ ಪಟ್ಟಣಕ್ಕೂ ಪ್ರಯೋಗಾರ್ಥವಾಗಿ ತಲಾ 50,000 ಡಾಲರ್ ಸಿಕ್ಕಿತು. 2005ರಲ್ಲಿ ಸಂಸದ ಜೇಮ್ಸ್ ಓಬರ್‌ಸ್ಟಾರ್ ಅವರ ಪ್ರಯತ್ನದಿಂದ ಇದು ಕೇಂದ್ರ ಕಾನೂನಿನಲ್ಲಿ ಸೇರಿತು. ಐದು ವರ್ಷಗಳಿಗೆ 61.2 ಕೋಟಿ ಡಾಲರ್ ಮೀಸಲಿಡಲಾಯಿತು. ಇದು ದೊಡ್ಡ ಮೊತ್ತವೆಂದು ತೋರಬಹುದು. ಆದರೆ ಅದೇ ಸಾರಿಗೆ ಕಾನೂನಿನ ಒಟ್ಟು ಮೊತ್ತ ಸುಮಾರು 28,600 ಕೋಟಿ ಡಾಲರ್. ಅಂದರೆ ಸಾವಿರ ಡಾಲರಿನಲ್ಲಿ ಎರಡು ಡಾಲರ್ ಮಾತ್ರ ಮಕ್ಕಳ ದಾರಿಗೆ.

ಮೊತ್ತಕ್ಕಿಂತ ಮುಖ್ಯವಾದದ್ದು ಅದರ ನಿಯಮಗಳು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಕನಿಷ್ಠ 10 ಲಕ್ಷ ಡಾಲರ್ ಖಚಿತ. ಶೇ. 70ರಿಂದ 90ರಷ್ಟು ಹಣ ಶಾಲೆಯಿಂದ ಸುಮಾರು 3 ಕಿಲೋಮೀಟರ್ ಒಳಗಿನ ಫುಟ್‌ಪಾತ್, ಝೀಬ್ರಾ ಕ್ರಾಸಿಂಗ್, ಸೈಕಲ್ ದಾರಿ, ಹಂಪ್‌ಗಳಂಥ ಕಾಮಗಾರಿಗೆ. ಉಳಿದದ್ದು ಮಕ್ಕಳ ತರಬೇತಿ, ಜಾಗೃತಿ ಮತ್ತು ಶಾಲೆಯ ಬಳಿ ಪೊಲೀಸ್ ನಿಗಾಕ್ಕೆ. ಪ್ರತಿ ರಾಜ್ಯವೂ ಈ ಕೆಲಸಕ್ಕೆಂದೇ ಒಬ್ಬ ಪೂರ್ಣಾವಧಿ ಸಂಯೋಜಕರನ್ನು ನೇಮಿಸಬೇಕಿತ್ತು. ಖರ್ಚು ಪೂರ್ತಿಯಾಗಿ ಕೇಂದ್ರದ್ದು. ಸ್ಥಳೀಯ ಆಡಳಿತ ಪಾಲು ಕೊಡಬೇಕಾಗಿರಲಿಲ್ಲ.

ಫಲ ಸಿಕ್ಕಿತೇ? ನ್ಯೂಯಾರ್ಕ್ ನಗರದ ಬಗ್ಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಲಸ ನಡೆದ ಪ್ರದೇಶಗಳಲ್ಲಿ, ಶಾಲೆಗೆ ಹೋಗಿಬರುವ ವೇಳೆಯಲ್ಲಿ ನಡೆಯುವ ಮಕ್ಕಳಿಗೆ ಆಗುತ್ತಿದ್ದ ಅಪಘಾತದ ಗಾಯಗಳು ಶೇ. 44ರಷ್ಟು ಕಡಿಮೆಯಾಗಿದ್ದವು. ಕೆಲಸ ನಡೆಯದ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದವು.

ಮೀಸಲು ತಪ್ಪಿದಾಗ

2012ರ ಹೊಸ ಕಾನೂನು ಈ ಪ್ರತ್ಯೇಕ ನಿಧಿಯನ್ನು ರದ್ದುಮಾಡಿ, ಇತರ ಹಲವು ಕೆಲಸಗಳಿರುವ ಸಾಮಾನ್ಯ ನಿಧಿಯಲ್ಲಿ ಸೇರಿಸಿತು. ಸಂಯೋಜಕರ ನೇಮಕ ಕಡ್ಡಾಯವಲ್ಲ ಎಂದಾಯಿತು. ಸಾಮಾನ್ಯವಾಗಿ ನೂರು ಡಾಲರಿನ ಕಾಮಗಾರಿಗೆ ಇಪ್ಪತ್ತು ಡಾಲರ್ ಸ್ಥಳೀಯವಾಗಿ ಹೊಂದಿಸಬೇಕಾಯಿತು. ಮೊದಲು ಕೈಯಿಂದ ಖರ್ಚುಮಾಡಿ ಆಮೇಲೆ ಲೆಕ್ಕ ಕೊಟ್ಟು ಹಣ ಪಡೆಯುವುದು ಅಲ್ಲಿನ ಕ್ರಮ. ಅರ್ಜಿ ಬರೆಯಲು ಎಂಜಿನಿಯರ್, ಮುಂಗಡಕ್ಕೆ ಹಣ, ಎರಡೂ ಇರುವ ಪಟ್ಟಣಕ್ಕೆ ಇದು ಸುಲಭ. ಬಡ ಬಡಾವಣೆಯ ಶಾಲೆಗೆ ಕಷ್ಟ. ನಡೆಯುವ ಮಕ್ಕಳು ಹೆಚ್ಚಾಗಿರುವುದು ಅಲ್ಲಿಯೇ! ಈ ಕೊರತೆಯನ್ನು ಕಂಡು 2021ರ ಕಾನೂನು ಪ್ರೌಢಶಾಲೆಗಳನ್ನೂ ಸೇರಿಸಿಕೊಂಡಿತು, ಅರ್ಜಿ ಸಿದ್ಧಪಡಿಸಲು ನೆರವಾಗುವುದಕ್ಕೂ ರಾಜ್ಯಗಳು ಹಣ ಬಳಸಬಹುದೆಂದಿತು.

ನಮ್ಮಲ್ಲಿ ಏನಿದೆ?

ಕರ್ನಾಟಕ ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಒಳ್ಳೆಯ ಯೋಜನೆ. ಕೋವಿಡ್ ನಂತರ ವಿತರಣೆ ನಿಂತಿತು. ಅದು ನಡೆಯುತ್ತಿದ್ದಾಗಲೂ ಸೈಕಲ್ ಬಂತೇ ಹೊರತು ಸೈಕಲ್ ಓಡಿಸುವ ದಾರಿ ಬರಲಿಲ್ಲ.

ಆದರೂ ನಾವು ಬರಿಗೈಯವರಲ್ಲ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನ ಪ್ರಕಾರ, ರಸ್ತೆ ನಿರ್ಮಾಣದಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಗರಪಾಲಿಕೆಗೆ ಬಜೆಟ್ ಇದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ರಸ್ತೆ, ಕಾಲುದಾರಿಗಳಿಗೆ ಅದನ್ನು ಬಳಸಬಹುದು. ಕೊರತೆ ಇರುವುದು ಶಾಲೆಯ ದಾರಿ ಎಂದು ಹೆಸರಿಸಿ ಕೇಳುವವರದ್ದು.

ಈ ಕೆಲಸವನ್ನು ನಮ್ಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘ, ಚರ್ಚ್ ಪಾಲನಾ ಮಂಡಳಿ, ವಾಳೆಯ ಗುರಿಕಾರರು ಸೇರಿ ಮಾಡಬಹುದು. ಮೊದಲು, ಎಷ್ಟು ಮಕ್ಕಳು ನಡೆದು ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಎಂದು ತರಗತಿಯಲ್ಲೇ ಕೈ ಎತ್ತಿಸಿ ಎಣಿಸಿರಿ. ಎರಡನೆಯದಾಗಿ, ಶಾಲೆಯ ಹೊತ್ತಿಗೇ ಆ ದಾರಿಯಲ್ಲಿ ಹಿರಿಯರು ನಡೆದು, ಎದ್ದ ಚಪ್ಪಡಿ, ಅಳಿಸಿಹೋದ ಝೀಬ್ರಾ ಪಟ್ಟಿ, ಕತ್ತಲೆಯ ತಿರುವುಗಳನ್ನು ನಕ್ಷೆಯಲ್ಲಿ ಗುರುತಿಸಿರಿ. ಮೂರನೆಯದಾಗಿ, ರಸ್ತೆ ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ ಎಂದು ತಿಳಿದುಕೊಂಡು, ಬಜೆಟ್ ತಯಾರಾಗುವ ಮುಂಚೆಯೇ ಲಿಖಿತ ಮನವಿ ಕೊಡಿರಿ. ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕಳುಹಿಸಿರಿ.

ಇದೆಲ್ಲ ಆಗುವತನಕ ಕಾಯಬೇಕಾಗಿಲ್ಲ. ಒಂದೇ ಕಡೆಯಿಂದ ಬರುವ ಮಕ್ಕಳನ್ನು ಒಟ್ಟುಗೂಡಿಸಿ, ಸರದಿಯಂತೆ ಇಬ್ಬರು ಹಿರಿಯರು ನಡೆಸಿಕೊಂಡು ಬರುವ ಪದ್ಧತಿ ಅನೇಕ ದೇಶಗಳಲ್ಲಿದೆ. ಇದಕ್ಕೆ ಬೇಕಾದದ್ದು ದಿನಕ್ಕೆ ಅರ್ಧ ಗಂಟೆ ಮಾತ್ರ.

ಶಾಲೆಗೆ ಹೊಸ ಕಟ್ಟಡ ಕಟ್ಟುವಾಗ ನಾವೆಲ್ಲರೂ ಕೈಲಾದಷ್ಟು ಕೊಡುತ್ತೇವೆ. ಆ ಕಟ್ಟಡಕ್ಕೆ ಮಗು ಸುರಕ್ಷಿತವಾಗಿ ಬಂದು ಸೇರುವ ದಾರಿಗೂ ಅಷ್ಟೇ ಕಾಳಜಿ ಬೇಕು. ಈ ಬಾರಿಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ವಿಷಯವೂ ಚರ್ಚೆಗೆ ಬರಲಿ ಎಂಬುದು ನಮ್ಮ ಕೋರಿಕೆ.